“ನಿಮ್ಮ ನಿಲುವನ್ನು ಸಮರ್ಥಿಸಿರಿ”: ಜೀವವಿಕಾಸದ ಅಸೈನ್‌ಮೆಂಟ್ ಮತ್ತು ಆದಿಕಾಂಡ

ನೇತ್ರಾವತಿ_ತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಐದನೆಯ ಸೆಮಿಸ್ಟರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. “ಜೀವವಿಕಾಸಕ್ಕೆ ಇರುವ ಪುರಾವೆಗಳನ್ನು ವಿಮರ್ಶಿಸಿ, ನಿಮ್ಮ ನಿಲುವನ್ನು ಸಮರ್ಥಿಸಿರಿ” ಎಂಬ ಅಸೈನ್‌ಮೆಂಟನ್ನು ನಮಗೆ ಕೊಟ್ಟಿದ್ದಾರೆ. ಹತ್ತು ಪುಟ, ಇಪ್ಪತ್ತು ಇಂಟರ್ನಲ್ ಅಂಕ. ಪಳೆಯುಳಿಕೆ, ಹೋಲಿಕೆ ಅಂಗರಚನೆ, ಡಿಎನ್‌ಎ ಇವುಗಳ ಬಗ್ಗೆ ಬರೆಯುವುದು ನನಗೆ ಕಷ್ಟವಲ್ಲ. ಕಷ್ಟವಿರುವುದು ಆ ಕೊನೆಯ ಮೂರು ಪದಗಳಲ್ಲಿ.

ನಮ್ಮದು ಬಾಸೆಲ್ ಮಿಶನ್ನಿನ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಕುಟುಂಬ. ರಾತ್ರಿಯ ಪ್ರಾರ್ಥನೆಯ ಹೊತ್ತಿಗೆ ಅಜ್ಜಿ ಇಂದಿಗೂ ನಮ್ಮೆಲ್ಲರಿಂದ ಸರದಿಯಂತೆ ಸತ್ಯವೇದ (ಬೈಬಲ್) ಓದಿಸುತ್ತಾರೆ. ಎರಡು ವರ್ಷಗಳಿಂದ ನಾನೇ ಸಂಡೇ ಸ್ಕೂಲಿನಲ್ಲಿ ಸಣ್ಣ ಮಕ್ಕಳಿಗೆ, ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿದನೆಂಬ, ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ ಪಾಠವನ್ನು ಚಿತ್ರ ಬರೆಸಿ ಹೇಳಿಕೊಡುತ್ತಿದ್ದೇನೆ. ಭಾನುವಾರ ಕಲಿಸಿದ್ದನ್ನು ಸೋಮವಾರ ಅಲ್ಲಗಳೆದು ಬರೆದರೆ ಎರಡರಲ್ಲಿ ಒಂದು ಕಡೆ ನಾನು ಸುಳ್ಳು ಹೇಳಿದಂತಾಗುವುದಿಲ್ಲವೇ? ಐದು ಪುಟ ಡಾರ್ವಿನ್ನನಿಗೂ ಐದು ಪುಟ ಆದಿಕಾಂಡಕ್ಕೂ ಮೀಸಲಿಟ್ಟು, “ಎರಡರಲ್ಲಿಯೂ ಸತ್ಯವಿದೆ” ಎಂದು ಮುಗಿಸೋಣವೆಂದು ಒಂದು ಕರಡು ಮಾಡಿದ್ದೇನೆ. ಓದಿ ನೋಡಿದರೆ ನನಗೇ ಅದು ಎರಡು ದೋಣಿಯಲ್ಲಿ ಕಾಲಿಟ್ಟಂತೆ ಕಾಣುತ್ತದೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಹಳೆಯ_ಸೂಕ್ಷ್ಮದರ್ಶಕ:

ಪದವಿ ಕಾಲೇಜಿನಲ್ಲಿ ಬಹುಕಾಲ ಇದೇ ವಿಷಯ ಕಲಿಸಿ ನಿವೃತ್ತನಾದವನು ನಾನು. ಇಂಥ ಉತ್ತರಗಳನ್ನು ತಿದ್ದಿದ ಅನುಭವದಿಂದ ಬರೆಯುತ್ತಿದ್ದೇನೆ. ನಿಮ್ಮ ಐದು-ಐದು ಪುಟಗಳ ಕರಡನ್ನು ಕೈಬಿಡಿ. ಅದರಲ್ಲಿ ವಿಜ್ಞಾನಕ್ಕೂ ನ್ಯಾಯ ಸಿಗುವುದಿಲ್ಲ, ಆದಿಕಾಂಡಕ್ಕೂ ಸಿಗುವುದಿಲ್ಲ.

ಪ್ರಶ್ನೆಯಲ್ಲಿರುವ “ನಿಲುವು” ಎಂಬ ಪದವನ್ನು ನೀವು “ನಂಬಿಕೆ” ಎಂದು ಓದಿಕೊಂಡಿದ್ದೀರಿ. ಪ್ರಾಣಿಶಾಸ್ತ್ರದ ಪತ್ರಿಕೆಯಲ್ಲಿ ನಿಲುವೆಂದರೆ, ಮುಂದಿಟ್ಟ ಪುರಾವೆಗಳು ಯಾವ ತೀರ್ಮಾನವನ್ನು ಎಷ್ಟು ಬಲವಾಗಿ ಎತ್ತಿಹಿಡಿಯುತ್ತವೆ ಎಂಬ ನಿಮ್ಮ ತೂಕ, ಅಷ್ಟೇ. ಆದ್ದರಿಂದ “ನಾನು ವಿಕಾಸವನ್ನು ನಂಬುತ್ತೇನೆ” ಎಂದೂ ಬರೆಯಬೇಡಿ, “ನಂಬುವುದಿಲ್ಲ” ಎಂದೂ ಬರೆಯಬೇಡಿ. “ಈ ಪುರಾವೆಗಳು ಇದನ್ನು ತೋರಿಸುತ್ತವೆ” ಎಂದು ಬರೆಯಿರಿ.

ಪುರಾವೆಗಳನ್ನು ಪಟ್ಟಿ ಮಾಡಿ ಪುಟ ತುಂಬಿಸುವುದಕ್ಕಿಂತ ಒಂದೆರಡನ್ನು ಆಳವಾಗಿ ಹಿಡಿಯುವುದು ಒಳ್ಳೆಯದು. ನಮ್ಮ ಪಶ್ಚಿಮ ಘಟ್ಟದ ಮೂಗಿನ ಕಪ್ಪೆಯನ್ನೇ ತೆಗೆದುಕೊಳ್ಳಿ. ವರ್ಷದ ಬಹುಪಾಲು ನೆಲದಡಿಯಲ್ಲೇ ಇದ್ದು, ಮಳೆಗಾಲದಲ್ಲಿ ಸ್ವಲ್ಪ ದಿನ ಮಾತ್ರ ಸಂತಾನೋತ್ಪತ್ತಿಗಾಗಿ ಹೊರಬರುವ ಈ ನಾಸಿಕಬಟ್ರಾಕಸ್ ಸಹ್ಯಾದ್ರೆನ್ಸಿಸ್ ವಿಜ್ಞಾನಲೋಕಕ್ಕೆ ಪರಿಚಯವಾದದ್ದು 2003ರಲ್ಲಿ, ಕೇರಳದ ಇಡುಕ್ಕಿಯಿಂದ. ತನ್ನದೇ ಕುಲದ ಕಪ್ಪೆಯನ್ನು ಬಿಟ್ಟರೆ, ಇದರ ಅತಿ ಹತ್ತಿರದ ಸಂಬಂಧಿಗಳು ಭಾರತದ ಬೇರೆ ಕಪ್ಪೆಗಳಲ್ಲ. ಸಮುದ್ರದಾಚೆ ಸೇಶೆಲ್ಸ್ ದ್ವೀಪಗಳಲ್ಲಿರುವ ಪುಟ್ಟ ಕಪ್ಪೆಗಳು. ಉಪ್ಪುನೀರನ್ನು ತಾಳಲಾರದ ಜೀವಿ ಸಾವಿರಾರು ಕಿಲೋಮೀಟರ್ ಸಮುದ್ರವನ್ನು ಹೇಗೆ ದಾಟಿತು ಎಂದು ಕೇಳಿದರೆ, ಅದು ದಾಟಲೇ ಇಲ್ಲ ಎಂಬುದೇ ಉತ್ತರ. ಒಂದಾಗಿದ್ದ ಭಾರತ ಮತ್ತು ಸೇಶೆಲ್ಸ್‌ಗಳು ಸುಮಾರು 6.5 ಕೋಟಿ ವರ್ಷಗಳ ಹಿಂದೆ ಬೇರ್ಪಟ್ಟಾಗ ಅವುಗಳ ಮೇಲಿದ್ದ ಕಪ್ಪೆಗಳೂ ದೂರವಾದವು. ಭೂವಿಜ್ಞಾನ ಹೇಳುವ ಕಥೆಯೂ ಡಿಎನ್‌ಎ ಹೇಳುವ ಕಥೆಯೂ ಇಲ್ಲಿ ಒಂದಕ್ಕೊಂದು ಕೂಡಿಬರುತ್ತವೆ. ಇನ್ನೊಂದು, ನಮ್ಮ ಎರಡನೆಯ ವರ್ಣತಂತು (ಡಿಎನ್‌ಎಯನ್ನು ಹೊತ್ತ ಎಳೆ, ಕ್ರೋಮೋಸೋಮ್). ಚಿಂಪಾಂಜಿಗೆ 24 ಜೊತೆ, ನಮಗೆ 23 ಜೊತೆ. ಎರಡು ವರ್ಣತಂತುಗಳು ತುದಿಗೆ ತುದಿ ಬೆಸೆದುಕೊಂಡ ಗುರುತು ನಮ್ಮ ಎರಡನೆಯ ವರ್ಣತಂತುವಿನ ನಡುಭಾಗದಲ್ಲಿ ಇಂದಿಗೂ ಉಳಿದಿದೆ.

“ವಿಕಾಸದ ಬೆಳಕಿನಲ್ಲಿ ನೋಡದ ಹೊರತು ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ” ಎಂಬ ಮಾತನ್ನು ನಿಮ್ಮ ಪಠ್ಯಪುಸ್ತಕದಲ್ಲಿ ಓದಿರಬಹುದು. 1973ರಲ್ಲಿ ಆ ಶೀರ್ಷಿಕೆಯ ಲೇಖನ ಬರೆದ ತಳಿವಿಜ್ಞಾನಿ ಥಿಯೊಡೋಸಿಯಸ್ ಡಾಬ್‌ಜಾನ್‌ಸ್ಕಿ ಕ್ರೈಸ್ತ ವಿಶ್ವಾಸಿ. ತಾನು ಸೃಷ್ಟಿವಾದಿಯೂ ಹೌದು, ವಿಕಾಸವಾದಿಯೂ ಹೌದು ಎಂದು ಅದೇ ಲೇಖನದಲ್ಲಿ ಹೇಳಿಕೊಂಡಿದ್ದಾರೆ. ಶೀರ್ಷಿಕೆಯನ್ನು ಉದ್ಧರಿಸುವವರಲ್ಲಿ ಲೇಖನ ಓದಿದವರು ಕಡಿಮೆ.

ಸಭೆಯ_ಮೆಟ್ಟಿಲು:

ನಾನು ದೇವಶಾಸ್ತ್ರದ ವಿದ್ಯಾರ್ಥಿ. ಪತ್ರಿಕೆಯನ್ನು ಹೇಗೆ ಬರೆಯಬೇಕೆಂಬುದನ್ನು ಹಿರಿಯರು ಹೇಳಿದ್ದಾರೆ. ಭಾನುವಾರದ ಪಾಠದ ಕುರಿತು ಮಾತ್ರ ನಾನು ಬರೆಯುತ್ತೇನೆ, ಏಕೆಂದರೆ ಸಹೋದರಿಯವರ ಸಂಕಟವಿರುವುದು ಅಲ್ಲಿ.

ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಒಂದೇ ಸಲಕ್ಕೆ ಓದಿ. ಮೊದಲನೆಯದರಲ್ಲಿ ಸಸ್ಯಗಳು, ಪ್ರಾಣಿಗಳು, ಆಮೇಲೆ ಮನುಷ್ಯರು. ಎರಡನೆಯದರಲ್ಲಿ ಮೊದಲು ಮನುಷ್ಯ, ಆಮೇಲೆ ತೋಟ. ಸೂರ್ಯ ಉಂಟಾಗುವುದು ನಾಲ್ಕನೆಯ ದಿನ, ಆದರೆ ಅದಕ್ಕೆ ಮೊದಲೇ ಮೂರು ಸಾಯಂಕಾಲಗಳೂ ಮೂರು ಪ್ರಾತಃಕಾಲಗಳೂ ಕಳೆದಿವೆ. ಸೂರ್ಯನಿಲ್ಲದ ದಿನ ಎಂಥದು ಎಂದು ಮೂರನೆಯ ಶತಮಾನದಲ್ಲಿಯೇ ಕ್ರೈಸ್ತ ಪಂಡಿತ ಓರಿಜೆನ್ ಕೇಳಿದ್ದನು. ಐದನೆಯ ಶತಮಾನದ ಆರಂಭದಲ್ಲಿ ಆದಿಕಾಂಡಕ್ಕೆ ವ್ಯಾಖ್ಯಾನ ಬರೆದ ಕ್ರೈಸ್ತ ದೇವಶಾಸ್ತ್ರಜ್ಞ ಆಗಸ್ಟೀನ್, ದೇವರು ಎಲ್ಲವನ್ನೂ ಏಕಕಾಲಕ್ಕೆ ಸೃಷ್ಟಿಸಿದನೆಂದೂ, ಆರು ದಿನಗಳು ನಮ್ಮ ದಿನಗಳಂಥವಲ್ಲವೆಂದೂ ವಿವರಿಸಿದ್ದಲ್ಲದೆ, ಭೂಮ್ಯಾಕಾಶಗಳ ವಿಷಯ ಬಲ್ಲ ಅನ್ಯರ ಮುಂದೆ ವಿಶ್ವಾಸಿಗಳು ಗ್ರಂಥದ ಹೆಸರಿನಲ್ಲಿ ಅಸಂಬದ್ಧವಾಗಿ ಮಾತನಾಡಿದರೆ ಗ್ರಂಥಕ್ಕೇ ಅವಮಾನವಾಗುತ್ತದೆಂದು ಎಚ್ಚರಿಸಿದ್ದನು. ಡಾರ್ವಿನ್ನನ ‘ಜೀವಜಾತಿಗಳ ಉಗಮ’ ಪ್ರಕಟವಾದದ್ದು 1859ರಲ್ಲಿ. ಆದ್ದರಿಂದ ಅಕ್ಷರಶಃ ಓದದಿರುವುದು ವಿಜ್ಞಾನಕ್ಕೆ ಹೆದರಿ ಮಾಡಿಕೊಂಡ ರಾಜಿ ಎಂಬ ಮಾತು ನಿಲ್ಲುವುದಿಲ್ಲ.

ನಮ್ಮ ಪ್ರೊಟೆಸ್ಟೆಂಟರಲ್ಲಿ ಕ್ಯಾಥೊಲಿಕರ ಪೋಪ್ ಇದ್ದಂತೆ ಒಂದೇ ಧ್ವನಿಯಿಲ್ಲ. ಆದರೂ ಗಮನಿಸಿ: ‘ಫಂಡಮೆಂಟಲಿಸ್ಟ್’ (ಮೂಲಭೂತವಾದಿ) ಎಂಬ ಇಂಗ್ಲಿಷ್ ಪದಕ್ಕೆ ಹಿನ್ನೆಲೆಯಾದ, 1910ರಿಂದ 1915ರವರೆಗೆ ಅಮೆರಿಕದಲ್ಲಿ ಪ್ರಕಟವಾದ ಪ್ರಬಂಧಮಾಲೆಯಲ್ಲಿಯೇ ಸ್ಕಾಟ್ಲೆಂಡಿನ ದೇವಶಾಸ್ತ್ರಜ್ಞ ಜೇಮ್ಸ್ ಆರ್ ವಿಕಾಸವನ್ನು ಪೂರ್ತಿ ತಳ್ಳಿಹಾಕಿರಲಿಲ್ಲ. ಯೂಟ್ಯೂಬಿನಲ್ಲಿ ಕೇಳಿಬರುವ ಭೂಮಿಗೆ ಆರು ಸಾವಿರ ವರ್ಷ ಎಂಬ ವಾದ ವ್ಯಾಪಕವಾಗಿ ಹಬ್ಬಿದ್ದು 1960ರ ದಶಕದ ನಂತರ, ಅಲ್ಲಿಂದಲೇ.

ಮಕ್ಕಳಿಗೆ ಆರು ದಿನಗಳ ಪಾಠವನ್ನು ನಿಲ್ಲಿಸಬೇಕಿಲ್ಲ. ಸುತ್ತಲಿನ ಜನಾಂಗಗಳು ಸೂರ್ಯಚಂದ್ರರನ್ನು ದೇವತೆಗಳೆಂದು ಪೂಜಿಸುತ್ತಿದ್ದಾಗ, ಅವು ದೇವರು ಹಚ್ಚಿಟ್ಟ ದೀಪಗಳು ಮಾತ್ರವೆಂದು ಆ ಅಧ್ಯಾಯ ಹೇಳುತ್ತದೆ. ಪಾಠದ ತಿರುಳು ಅದು. “ಎಷ್ಟು ಗಂಟೆಯ ದಿನ?” ಎಂದು ಮಗುವೊಂದು ಕೇಳಿದರೆ ಮಾತ್ರ “ಇಪ್ಪತ್ತನಾಲ್ಕು” ಎಂದು ಹೇಳಬೇಡಿ.

ಬಂದರು_ರಸ್ತೆ:

ಇಷ್ಟೆಲ್ಲ ಏಕೆ? ಉಪನ್ಯಾಸಕರಿಗೆ ಬೇಕಾದುದನ್ನು ಬರೆದು ಅಂಕ ತೆಗೆದುಕೊಳ್ಳಿ, ವಿಶ್ವಾಸವನ್ನು ಮನೆಯಲ್ಲಿ ಇಟ್ಟುಕೊಳ್ಳಿ. ವಿಜ್ಞಾನದ ಕಪಾಟು ಬೇರೆ, ಧರ್ಮದ ಕಪಾಟು ಬೇರೆ.

ತೆಂಗಿನ_ತೋಟ:

ಬಂದರು ರಸ್ತೆಯವರ ಮಾತನ್ನು ನಾನು ಒಪ್ಪಲಾರೆ. ಮೇಲಿನ ಇಬ್ಬರು ಹಿರಿಯರ ಮಾತೂ ಸ್ವಲ್ಪ ಹೆಚ್ಚು ನಯವಾಗಿದೆ ಎಂದು ಹೇಳಲು ಕ್ಷಮೆಯಿರಲಿ. ನಾನು ಕ್ಯಾಥೊಲಿಕ್, ಕೃಷಿ ಪದವೀಧರ, ಭಾನುವಾರದ ಪೂಜೆಯನ್ನು ಈಗಲೂ ತಪ್ಪಿಸುವವನಲ್ಲ. ನಮ್ಮ ಧರ್ಮಸಭೆಯಲ್ಲಿ 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಮಾನವ ದೇಹದ ವಿಕಾಸದ ಕುರಿತ ಸಂಶೋಧನೆಗೆ ಅವಕಾಶವಿತ್ತರು; 1996ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್, ವಿಕಾಸ ಸಿದ್ಧಾಂತವು ಕೇವಲ ಊಹೆಗಿಂತ ಹೆಚ್ಚಿನದು ಎಂದರು. ಇದನ್ನು ತೋರಿಸಿ ಎಲ್ಲವೂ ಬಗೆಹರಿಯಿತು ಎನ್ನುವವರಿದ್ದಾರೆ. ಅದೇ ಪಯಸ್ ಅವರು, ಮನುಕುಲವೆಲ್ಲ ಒಬ್ಬನೇ ಆದಾಮನಿಂದ ಬರಲಿಲ್ಲವೆಂಬ ಅಭಿಪ್ರಾಯವನ್ನು ಮೂಲಪಾಪದ (ಆದಾಮನ ಪಾಪ ಮನುಕುಲಕ್ಕೆಲ್ಲ ಬಂದಿದೆಯೆಂಬ) ಬೋಧನೆಯೊಂದಿಗೆ ಹೇಗೆ ಹೊಂದಿಸುವುದೋ ಕಾಣುವುದಿಲ್ಲ ಎಂದಿದ್ದರು. ಆದರೆ ನಮ್ಮ ಪೂರ್ವಿಕರ ಸಂಖ್ಯೆ ಸಾವಿರಗಳಲ್ಲಿತ್ತೇ ಹೊರತು ಇಬ್ಬರಿಗೆ ಇಳಿದಿರಲಿಲ್ಲ ಎಂಬುದು ಇಂದಿನ ತಳಿವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಇಲ್ಲಿ ಎರಡು ಕಪಾಟುಗಳ ನಡುವಿನ ಹಲಗೆಯೇ ಇಲ್ಲ.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿದ್ದು ಬೇರೊಂದು. ತೆಂಗಿನ ಕಪ್ಪುತಲೆ ಹುಳುವಿನ ಹತೋಟಿಗೆ ಗೋನಿಯೋಜಸ್ ಎಂಬ ಪರತಂತ್ರ ಕಣಜವನ್ನು ನಾವು ತೋಟಗಳಲ್ಲಿ ಬಿಡುತ್ತೇವೆ. ಅದು ಹುಳುವನ್ನು ಕುಟುಕಿ ಅಲುಗಾಡದಂತೆ ಮಾಡಿ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಗಳು ಬದುಕಿರುವ ಹುಳುವನ್ನೇ ಹೀರಿ ಬೆಳೆಯುತ್ತವೆ. ಇಂಥದೇ ಇನ್ನೊಂದು ಬಗೆಯ ಕಣಜಗಳನ್ನು ಹೆಸರಿಸಿ, ದಯಾಮಯನಾದ ದೇವರು ಇದನ್ನು ಬೇಕೆಂದೇ ಸೃಷ್ಟಿಸಿದನೆಂದು ತನಗೆ ಒಪ್ಪಿಕೊಳ್ಳಲಾಗುತ್ತಿಲ್ಲವೆಂದು ಡಾರ್ವಿನ್ 1860ರಲ್ಲಿ ಪತ್ರ ಬರೆದದ್ದು, ತನ್ನ ಬೆಂಬಲಿಗನೂ ಶ್ರದ್ಧಾವಂತ ಕ್ರೈಸ್ತನೂ ಆಗಿದ್ದ ಅಮೆರಿಕದ ಸಸ್ಯಶಾಸ್ತ್ರಜ್ಞ ಏಸಾ ಗ್ರೇಗೆ. ಹತ್ತು ವರ್ಷದ ಮಗಳು ಆನಿಯನ್ನು ಡಾರ್ವಿನ್ ಕಳೆದುಕೊಂಡು ಆಗ ಒಂಬತ್ತು ವರ್ಷವಾಗಿತ್ತು. ಆದರೂ 1879ರ ಇನ್ನೊಂದು ಪತ್ರದಲ್ಲಿ, ಒಬ್ಬನು ಗಾಢ ಆಸ್ತಿಕನೂ ವಿಕಾಸವಾದಿಯೂ ಆಗಿರಬಲ್ಲನೆಂಬುದನ್ನು ಸಂದೇಹಿಸುವುದೇ ಅಸಂಬದ್ಧವೆಂದು ಆತನೇ ಹೇಳಿ, ಉದಾಹರಣೆಯಾಗಿ ಏಸಾ ಗ್ರೇಯನ್ನೂ ಹೆಸರಿಸಿದ್ದಾನೆ. ಆ ಇಬ್ಬರೂ ವರ್ಷಗಟ್ಟಲೆ ಪತ್ರ ಬರೆದುಕೊಂಡರು, ಒಮ್ಮತಕ್ಕೆ ಬರಲಿಲ್ಲ, ಸ್ನೇಹವನ್ನೂ ಬಿಡಲಿಲ್ಲ. ನಿಮ್ಮ ಪತ್ರಿಕೆಗೆ ಹೊಂದಾಣಿಕೆಯ ಉಪದೇಶಕ್ಕಿಂತ ಈ ಪತ್ರವ್ಯವಹಾರ ಹೆಚ್ಚು ಉಪಯುಕ್ತ.

ಹಳೆಯ_ಸೂಕ್ಷ್ಮದರ್ಶಕ:

ತೋಟದವರ ಆಕ್ಷೇಪ ನ್ಯಾಯವಾದದ್ದು. ಒಂದು ಎಚ್ಚರಿಕೆ ಮಾತ್ರ: ವಿಜ್ಞಾನಕ್ಕೆ ಇನ್ನೂ ತಿಳಿಯದ ಸಂದುಗಳಲ್ಲಿ ದೇವರನ್ನು ಕೂರಿಸಬೇಡಿ. ಅಮೆರಿಕದ ಡೋವರ್‌ನಲ್ಲಿ, ಜೀವಿಗಳನ್ನು ಬುದ್ಧಿಯುಳ್ಳ ಕರ್ತೃವೊಬ್ಬ ರೂಪಿಸಿರಬೇಕೆಂಬ ‘ಬುದ್ಧಿವಂತ ವಿನ್ಯಾಸ’ ವಾದವನ್ನು ಶಾಲೆಯಲ್ಲಿ ಕಲಿಸುವ ಬಗ್ಗೆ 2005ರಲ್ಲಿ ಮೊಕದ್ದಮೆ ನಡೆದಾಗ, ಅದು ವಿಜ್ಞಾನವಲ್ಲವೆಂದು ಸಾಕ್ಷಿ ನುಡಿದ ಮುಖ್ಯ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಕ್ಯಾಥೊಲಿಕರು. ನಾನು ಮೇಲೆ ಹೇಳಿದ ಎರಡನೆಯ ವರ್ಣತಂತುವನ್ನು ಅವರು ಅಲ್ಲಿಯೂ ತೋರಿಸಿದ್ದರು.

ನೇತ್ರಾವತಿ_ತೀರ:

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಕರಡನ್ನು ಹರಿದುಹಾಕಿದ್ದೇನೆ. ಎಂಟು ಪುಟ ಪುರಾವೆಗಳಿಗೆ. ಕಪ್ಪೆಯಿಂದ ಆರಂಭಿಸಿ ವರ್ಣತಂತುವಿನಲ್ಲಿ ನಿಲ್ಲಿಸುತ್ತೇನೆ, ಮತ್ತು ಜೀವಿಗಳು ಸಮಾನ ಪೂರ್ವಜರಿಂದ ಬಂದವೆಂಬ ತೀರ್ಮಾನವನ್ನು ಈ ಪುರಾವೆಗಳು ಬಲವಾಗಿ ಎತ್ತಿಹಿಡಿಯುತ್ತವೆ ಎಂದು ಯಾವ “ಆದರೆ”ಯೂ ಇಲ್ಲದೆ ಬರೆಯುತ್ತೇನೆ. ಉಳಿದ ಎರಡು ಪುಟಗಳಲ್ಲಿ ಡಾರ್ವಿನ್ ಮತ್ತು ಗ್ರೇ ಇವರ ಪತ್ರಗಳ ವಿಷಯ ಬರೆದು, ನಾನು ಗ್ರೇಯ ಪಕ್ಕದಲ್ಲಿ ನಿಲ್ಲುವವಳೆಂದೂ, ಕಣಜದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲವೆಂದೂ ತಿಳಿಸುತ್ತೇನೆ. ಅದಕ್ಕೆ ಅಂಕ ಹೋದರೆ ಹೋಗಲಿ.

ನಿನ್ನೆ ರಾತ್ರಿ ಓದುವ ಸರದಿ ನನ್ನದಾಗಿತ್ತು. ಆದಿಕಾಂಡದ ಎರಡು ಅಧ್ಯಾಯಗಳನ್ನೂ ಒಟ್ಟಿಗೆ ಓದಿ, ತೋಟ ಮೊದಲೋ ಮನುಷ್ಯ ಮೊದಲೋ ಎಂದು ಅಜ್ಜಿಯನ್ನು ಕೇಳಿದೆ. ಅವರು ಕನ್ನಡಕ ತೆಗೆದು, “ಇನ್ನೊಮ್ಮೆ ಓದು” ಎಂದರು.