ಮಕ್ಕಳು ಕಲಿಕೆಯಲ್ಲಿ ಎಷ್ಟು ತೊಡಗಿದ್ದಾರೆ ಅಂತ ಸಮೀಕ್ಷೆ ಮಾಡಿದವರು ಅನುಭವ ಹೇಳಿ

ಉಪನ್ಯಾಸಕಿ, ತಾಲೂಕು ಕೇಂದ್ರದ ಪದವಿ ಕಾಲೇಜು:
ಈ ಸೆಮಿಸ್ಟರ್ ನಮ್ಮ ಐಕ್ಯೂಎಸಿಯಿಂದ (ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಆಂತರಿಕ ಘಟಕ) ಒಂದು ಸಮೀಕ್ಷೆಯ ಹೊಣೆ ನನಗೆ ಬಂದಿದೆ. ವಿದ್ಯಾರ್ಥಿಗಳು ಕಾಲೇಜಿನ ಕಲಿಕೆಯಲ್ಲಿ ಎಷ್ಟರ ಮಟ್ಟಿಗೆ ತೊಡಗಿಕೊಂಡಿದ್ದಾರೆ ಅಂತ ತಿಳಿಯಬೇಕು. ಸುಮಾರು 600 ಮಕ್ಕಳಿದ್ದಾರೆ, ಬಿಎ, ಬಿಕಾಂನವರೇ ಹೆಚ್ಚು. ಹೋದ ವರ್ಷ ಗೂಗಲ್ ಫಾರ್ಮ್ ಕಳಿಸಿದಾಗ ಎಲ್ಲರೂ ಎಲ್ಲದಕ್ಕೂ ‘ತುಂಬಾ ಚೆನ್ನಾಗಿದೆ’ ಅಂತಲೇ ಒತ್ತಿದ್ದರು. ಅದರಿಂದ ನಮಗೆ ಏನೂ ತಿಳಿಯಲಿಲ್ಲ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ವಾಣಿಜ್ಯ ವಿಭಾಗದ ಉಪನ್ಯಾಸಕ:
ಮೇಡಂ, ನಾನು ಮೂರು ಸಲ ಮಾಡಿದ್ದೇನೆ. ಮೊದಲನೆಯದು ನಿಮ್ಮದರ ಹಾಗೇ ಆಯಿತು. ಕಾರಣ ಆಮೇಲೆ ಗೊತ್ತಾಯಿತು: ನಾವು ಕೇಳಿದ್ದು ತೃಪ್ತಿಯ ಬಗ್ಗೆ, ಹುಡುಕುತ್ತಿದ್ದದ್ದು ತೊಡಗುವಿಕೆಯನ್ನು. ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ನ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನೇ ನೋಡಿ. ಅದರಲ್ಲಿ 20 ಆಯ್ಕೆಯ ಪ್ರಶ್ನೆಗಳು, ಕೊನೆಗೆ ಬರೆದು ತಿಳಿಸುವ ಒಂದು ಪ್ರಶ್ನೆ. ಸಿಲಬಸ್ ಎಷ್ಟು ಮುಗಿಯಿತು, ಮೇಷ್ಟ್ರು ಎಷ್ಟು ತಯಾರಾಗಿ ಬರುತ್ತಾರೆ, ಬಹುತೇಕ ಇಂಥವೇ. ಅವು ಬೇಕಾದ ಪ್ರಶ್ನೆಗಳೇ, ಆದರೆ ಹುಡುಗ ಸ್ವತಃ ಏನು ಮಾಡುತ್ತಿದ್ದಾನೆ ಅಂತ ಅವುಗಳಿಂದ ತಿಳಿಯುವುದಿಲ್ಲ.

ಅಮೆರಿಕದಲ್ಲಿ 2000ರಿಂದ ಇಂಡಿಯಾನಾ ವಿಶ್ವವಿದ್ಯಾಲಯದ ಕಡೆಯಿಂದ ಎನ್‌ಎಸ್‌ಎಸ್‌ಇ ಅನ್ನುವ, ವಿದ್ಯಾರ್ಥಿಗಳ ತೊಡಗುವಿಕೆಯನ್ನೇ ಅಳೆಯುವ ಸಮೀಕ್ಷೆ ನಡೆಯುತ್ತಿದೆ. ಮೊದಲ ವರ್ಷದವರಿಗೂ ಕೊನೆಯ ವರ್ಷದವರಿಗೂ ಕೊಡುತ್ತಾರೆ. ವಾರದ ಏಳು ದಿನದಲ್ಲಿ ಪಾಠದ ತಯಾರಿಗೆ ಎಷ್ಟು ಗಂಟೆ, ಸಂಬಳದ ಕೆಲಸಕ್ಕೆ ಎಷ್ಟು, ಮನೆಯವರನ್ನು ನೋಡಿಕೊಳ್ಳಲು ಎಷ್ಟು, ಓಡಾಟಕ್ಕೆ ಎಷ್ಟು ಅಂತ ಅದರಲ್ಲಿ ಕೇಳುತ್ತಾರೆ. ಪ್ರಶ್ನೆಗಳನ್ನು ಹಾಗೇ ಎತ್ತಿಕೊಳ್ಳಬೇಡಿ, ಕೇಳುವ ರೀತಿ ಮಾತ್ರ ಕಲಿಯಿರಿ. ನಾನು ಹೀಗೆ ಕೇಳಿದೆ: ಕಳೆದ ಏಳು ದಿನದಲ್ಲಿ ಕ್ಲಾಸಿನಲ್ಲಿ ಎಷ್ಟು ಸಲ ಪ್ರಶ್ನೆ ಕೇಳಿದಿರಿ? ಗೈಡ್ ಬಿಟ್ಟು ಬೇರೆ ಯಾವ ಪುಸ್ತಕ ತೆರೆದಿರಿ? ಗೆಳೆಯರಿಗೆ ಯಾವುದಾದರೂ ಪಾಠ ಹೇಳಿಕೊಟ್ಟಿರಾ? ಹೊಲ, ಅಂಗಡಿ, ಮನೆಗೆಲಸಕ್ಕೆ ದಿನಕ್ಕೆ ಎಷ್ಟು ಹೊತ್ತು ಹೋಗುತ್ತದೆ? ‘ಆಗಾಗ’, ‘ಸಾಮಾನ್ಯವಾಗಿ’ ಅನ್ನುವ ಪದಗಳನ್ನು ಬಿಟ್ಟುಬಿಡಿ. ಒಬ್ಬೊಬ್ಬರ ‘ಆಗಾಗ’ ಒಂದೊಂದು ಅಳತೆ.

ಎರಡನೇ ಸಲದ ಒಂದು ಹಾಳೆ ನನಗೆ ಮರೆಯುವುದಿಲ್ಲ. ಅಂತಿಮ ಬಿಕಾಂನದು, ಹೆಸರಿಲ್ಲ. ಲೈಬ್ರರಿಗೆ ಹೋದದ್ದು ಸೊನ್ನೆ, ಪ್ರಶ್ನೆ ಕೇಳಿದ್ದು ಸೊನ್ನೆ. ಆದರೆ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ, ‘ಬೆಳಿಗ್ಗೆ 6:40ರ ಬಸ್ಸಲ್ಲಿ ನಾವು ನಾಲ್ಕು ಜನ ಕಾಸ್ಟ್ ಅಕೌಂಟಿಂಗ್ ಲೆಕ್ಕ ಮಾಡ್ತೀವಿ. ಇದನ್ನ ಎಲ್ಲಿ ಬರೀಬೇಕು ಸರ್?’ ಅಂತ ಇತ್ತು. ನನ್ನ ಫಾರ್ಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ನಾನು ಲೆಕ್ಕ ಹಾಕಿದ್ದರೆ ಅತಿ ಕಡಿಮೆ ತೊಡಗಿದವರ ಸಾಲಿಗೆ ಆ ಮಗು ಸೇರುತ್ತಿತ್ತು. ಮೂರನೇ ಸಲ ‘ಕಾಲೇಜಿನ ಹೊರಗೆ ಯಾರ ಜೊತೆ, ಎಲ್ಲಿ ಓದುತ್ತೀರಿ?’ ಅಂತ ಸೇರಿಸಿದೆ. ಇಡೀ ಸಮೀಕ್ಷೆಯಲ್ಲಿ ಅತಿ ಹೆಚ್ಚು ಕಲಿಸಿದ ಪ್ರಶ್ನೆ ಅದೇ.

ಕನ್ನಡ ಉಪನ್ಯಾಸಕಿ:
ಕನ್ನಡದಲ್ಲೇ ಕೇಳಿ. ತೊಡಗುವಿಕೆಗೆ ಇಂಗ್ಲಿಷಿನ ‘ಎಂಗೇಜ್‌ಮೆಂಟ್’ ಪದ ಹಾಕಿದರೆ ನಮ್ಮ ಮಕ್ಕಳಿಗೆ ಅದು ನಿಶ್ಚಿತಾರ್ಥ. ಅದರ ಬದಲು ‘ಶೈಕ್ಷಣಿಕ ತೊಡಗಿಸಿಕೊಳ್ಳುವಿಕೆ’ ಅಂತ ಬರೆದರೆ ಅದೂ ಅಷ್ಟೇ ದೂರ. ಆ ಪದವೇ ಫಾರ್ಮಿನಲ್ಲಿ ಬೇಡ. ‘ಮೇಷ್ಟ್ರು ಸಮಯಕ್ಕೆ ಬಂದು ಚೆನ್ನಾಗಿ ಪಾಠ ಮಾಡುತ್ತಾರೆಯೇ’ ಅನ್ನುವಂಥ ಜೋಡಿ ಪ್ರಶ್ನೆಯನ್ನೂ ತೆಗೆಯಿರಿ. ಸಮಯಕ್ಕೆ ಬಂದರೂ ಚೆನ್ನಾಗಿ ಪಾಠ ಮಾಡದವರಿಗೆ ಏನು ಬರೆಯುವುದು? ಎಲ್ಲರಿಗೂ ಹಂಚುವ ಮೊದಲು ಐದಾರು ಮಕ್ಕಳನ್ನು ಕೂರಿಸಿಕೊಂಡು ಜೋರಾಗಿ ಓದಿಸಿ, ‘ನಿನಗೆ ಏನು ಅರ್ಥ ಆಯ್ತು?’ ಅಂತ ಕೇಳಿ.

ಹೋದ ವರ್ಷ ಪದವಿ ಮುಗಿಸಿದವ:
ನಾನು ಕ್ಲಾಸ್ ರೆಪ್ ಆಗಿದ್ದೆ ಮೇಡಂ. ನಾವ್ಯಾಕೆ ಎಲ್ಲದಕ್ಕೂ ‘ತುಂಬಾ ಚೆನ್ನಾಗಿದೆ’ ಒತ್ತುತ್ತಿದ್ದೆವು ಅಂತ ಹೇಳ್ತೀನಿ. ಫಾರ್ಮಿನಲ್ಲಿ ಮೊದಲು ಕೇಳಿದ್ದೇ ರಿಜಿಸ್ಟರ್ ನಂಬರ್. ಇಂಟರ್ನಲ್ ಮಾರ್ಕ್ಸ್ ಇನ್ನೂ ಹಾಕಿರಲಿಲ್ಲ. ಸರ್ ಬೆಂಚುಗಳ ನಡುವೆ ಓಡಾಡುತ್ತಾ, ಫೋನಿನಲ್ಲಿ ಏನು ಒತ್ತುತ್ತಿದ್ದೇವೆ ಅಂತ ನೋಡುತ್ತಿದ್ದರು. ಆಗ ಯಾರು ನಿಜ ಹೇಳ್ತಾರೆ? ಮಾರ್ಕ್ಸ್ ಅಪ್‌ಲೋಡ್ ಆದ ಮೇಲೆ ಕೇಳಿ, ಪಾಠ ಮಾಡುವವರು ಹೊರಗೆ ಹೋಗಲಿ, ಹಾಳೆ ಡಬ್ಬಿಗೆ ಹಾಕಿಸಿ. ಗೂಗಲ್ ಫಾರ್ಮೇ ಆದರೆ ಇಮೇಲ್ ಪಡೆಯುವುದನ್ನು ಬಂದ್ ಮಾಡಿ. ‘ಒಬ್ಬರಿಗೆ ಒಂದೇ ಉತ್ತರ’ ಅನ್ನುವ ಆಯ್ಕೆ ಹಾಕಿದರೆ ಲಾಗಿನ್ ಕೇಳುತ್ತೆ, ಅದನ್ನು ನೋಡಿದ ಕೂಡಲೇ ಹುಡುಗರಿಗೆ ಅನುಮಾನ ಬರುತ್ತೆ. ಐಚ್ಛಿಕ ವಿಷಯದಲ್ಲಿ ಆರೇ ಜನ ಇದ್ದರೆ ವಿಷಯದ ಹೆಸರೂ ಕೇಳಬೇಡಿ. ಕೈಬರಹ ನೋಡಿಯೇ ಗುರುತು ಹಿಡಿಯುತ್ತಾರೆ.

ಗ್ರಂಥಪಾಲಕ:
ಕ್ಲಾಸಿಗೆ ಬಂದವರನ್ನೇ ಕೇಳಿದರೆ ಬಾರದವರ ವಿಷಯ ಎಲ್ಲಿ ಸಿಗುತ್ತದೆ? ನಾವು ಹಾಲ್ ಟಿಕೆಟ್ ಕೊಡುವ ದಿನ ವರಾಂಡದಲ್ಲಿ ಎರಡು ಮೇಜು ಹಾಕಿದೆವು. ಆ ದಿನ ವರ್ಷವೆಲ್ಲ ಮುಖ ಕಾಣದವರೂ ಬರುತ್ತಾರೆ. ಒಂದು ಎಚ್ಚರಿಕೆ, ಹಾಲ್ ಟಿಕೆಟ್ ಕೈಗೆ ಕೊಟ್ಟ ಮೇಲೆ ಕೇಳಬೇಕು, ಇಷ್ಟವಿದ್ದವರು ಮಾತ್ರ ಬರೆಯಬೇಕು. ಫಾರ್ಮ್ ತುಂಬಿದರೆ ಮಾತ್ರ ಟಿಕೆಟ್ ಅನ್ನುವುದು ಅನ್ಯಾಯ. ನಮಗೆ ಸಿಕ್ಕ ದೊಡ್ಡ ದೂರು ನನ್ನದೇ ವಿಭಾಗದ್ದು: ಪ್ರಾಕ್ಟಿಕಲ್ ಮುಗಿಯುವುದು 4:30ಕ್ಕೆ, ಲೈಬ್ರರಿ ಮುಚ್ಚುವುದೂ 4:30ಕ್ಕೆ. ಈಗ 5:30ರವರೆಗೆ ತೆರೆದಿರುತ್ತೇವೆ. ‘ನೀವು ಹೇಳಿದ್ದಕ್ಕೆ ಬದಲಾಯಿಸಿದ್ದೇವೆ’ ಅಂತ ನೋಟೀಸ್ ಬೋರ್ಡಿನಲ್ಲಿ ಹಾಕಿದೆವು. ಮುಂದಿನ ಸಲ ಹುಡುಗರು ಹಾಳೆಯ ಹಿಂಬದಿಯಲ್ಲೂ ಬರೆದುಕೊಟ್ಟರು.

ಉಪನ್ಯಾಸಕಿ, ತಾಲೂಕು ಕೇಂದ್ರದ ಪದವಿ ಕಾಲೇಜು:
ಎಲ್ಲರಿಗೂ ಧನ್ಯವಾದ. ಹದಿನಾಲ್ಕೇ ಪ್ರಶ್ನೆ, ಕನ್ನಡದಲ್ಲಿ, ಹೆಸರಿಲ್ಲದ ಹಾಳೆ ಅಂತ ಇವತ್ತು ಪ್ರಾಂಶುಪಾಲರನ್ನು ಒಪ್ಪಿಸಿದೆ. ಸರ್, ಒಂದು ಅನುಮಾನ: ಬಸ್ಸಿನಲ್ಲಿ ಬರುವವರ ಉತ್ತರವನ್ನು ಬೇರೆ ಎಣಿಸಬೇಕಾ?

ವಾಣಿಜ್ಯ ವಿಭಾಗದ ಉಪನ್ಯಾಸಕ:
ಬೇರೆಯೇ ಎಣಿಸಿ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಓಡಾಡುವವರು ಒಂದು ಕಟ್ಟು, ಊರಿನಲ್ಲೇ ಇರುವವರು, ಹಾಸ್ಟೆಲ್‌ನವರು ಇನ್ನೊಂದು ಕಟ್ಟು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ ಮೇಡಂ, ಆಮೇಲೆ ಕೊನೆಯ ಬಸ್ಸಿನ ಸಮಯ ವಿಚಾರಿಸಿಕೊಂಡು ವೇಳಾಪಟ್ಟಿ ನೋಡಿ.