ಜ್ವರ ಇಲ್ಲ, ಆದ್ರೆ ಅಪ್ಪ ನಿನ್ನೆಯಿಂದ ಪೂರ್ತಿ ಮಂಕಾಗಿದಾರೆ, ಏನ್ ಮಾಡ್ಲಿ?

ಹಾಸನದ_ಮಗಳು:
ಅಪ್ಪಂಗೆ 78, ಶುಗರ್ ಇದೆ, ಪ್ರಾಸ್ಟೇಟ್ ತೊಂದ್ರೆಗೆ ಕ್ಯಾಥೆಟರ್ (ಮೂತ್ರದ ಪೈಪ್) ಹಾಕಿದಾರೆ, ಬಿಪಿಗೆ ಮೆಟೊಪ್ರೊಲಾಲ್ ತಗೋತಾರೆ. ನಿನ್ನೆಯಿಂದ ಮಲಗೇ ಇದಾರೆ, ಗಂಜಿನೂ ಬೇಡ ಅಂತಾರೆ, ನನ್ನನ್ನ ನಮ್ಮತ್ತೆ ಹೆಸರು ಹಿಡಿದು ಕರೆದ್ರು. ಯೂರಿನ್ ಬ್ಯಾಗಲ್ಲೂ ಸ್ವಲ್ಪಾನೇ ಇದೆ. ಟೆಂಪರೇಚರ್ 96.2, ಜ್ವರ ಇಲ್ವಲ್ಲ ಅಂತ ಪಕ್ಕದ ಕ್ಲಿನಿಕ್‌ನವ್ರು ನಿಶ್ಶಕ್ತಿ ಅಂದು ವಿಟಮಿನ್ ಮಾತ್ರೆ ಕೊಟ್ಟು ಕಳ್ಸಿದ್ರು. ನಂಗ್ಯಾಕೋ ಸಮಾಧಾನ ಆಗ್ತಿಲ್ಲ. ಬೆಳಗ್ಗೆ ತನಕ ನೋಡ್ಬಹುದಾ?

ಐಸಿಯು_ಸಿಸ್ಟರ್:
ಕಾಯ್ಬೇಡಿ. 108ಕ್ಕೆ ಫೋನ್ ಮಾಡಿ, ಐಸಿಯು ಇರೋ ಆಸ್ಪತ್ರೆಗೇ ಹೋಗಿ, ಮಿಕ್ಕಿದ್ದು ಆಂಬ್ಯುಲೆನ್ಸಲ್ಲಿ ಓದಿ. ಗ್ಲುಕೋಮೀಟರ್ ಇದ್ರೆ ಶುಗರ್ ಒಂದ್ಸಲ ನೋಡ್ಕೊಳ್ಳಿ, ಲೋ ಆದ್ರೂ ಹೀಗೇ ಆಗತ್ತೆ.

ನಂಗೆ ಭಯ ಇರೋದು ಸೆಪ್ಸಿಸ್ ಬಗ್ಗೆ, ಅಂದ್ರೆ ಸೋಂಕಿಗೆ ಮೈ ಹದ್ದು ಮೀರಿ ಪ್ರತಿಕ್ರಿಯಿಸಿ ತನ್ನ ಅಂಗಾಂಗಗಳಿಗೇ ಪೆಟ್ಟು ಕೊಡೋದು. ಕ್ಯಾಥೆಟರ್ ಇರೋರಿಗೆ ಮೂತ್ರದ ಸೋಂಕು ರಕ್ತಕ್ಕೆ ಏರೋದು ಸುಲಭ, ವಯಸ್ಸಾದವ್ರಿಗೆ ಆಗ ಜ್ವರ ಬರ್ಲೇಬೇಕು ಅಂತಿಲ್ಲ, ಮೈ ತಣ್ಣಗೂ ಆಗ್ಬಹುದು, 96.8ಕ್ಕಿಂತ ಕಮ್ಮಿ ಇದ್ರೆ ಅದೂ ಅಪಾಯದ ಸೂಚನೆನೇ. ಮೆಟೊಪ್ರೊಲಾಲ್ ತಗೊಳ್ಳೋರಲ್ಲಿ ನಾಡಿ ಜೋರಾಗಿ ಓಡೋದೂ ಕಾಣಿಸ್ದೇ ಹೋಗತ್ತೆ. ಅದಕ್ಕೇ ನಾವು ಇದ್ದಕ್ಕಿದ್ದ ಹಾಗೆ ಗಲಿಬಿಲಿ ಆಯ್ತಾ, ಉಸಿರು ನಿಮಿಷಕ್ಕೆ 22 ಮುಟ್ತಾ, ಮೇಲಿನ ಬಿಪಿ 100ಕ್ಕೆ ಇಳೀತಾ ಅಂತ ನೋಡ್ತೀವಿ. ಕ್ಯಾಶುಯಾಲ್ಟಿಯಲ್ಲಿ ‘ಮೊನ್ನೆ ತನಕ ಸರಿಯಾಗಿ ಮಾತಾಡ್ತಿದ್ರು’ ಅಂತ ಒತ್ತಿ ಹೇಳಿ, ಅವ್ರು ಮೊದ್ಲು ಹೇಗಿದ್ರು ಅಂತ ಅಲ್ಲಿರೋ ಡಾಕ್ಟರಿಗೆ ಗೊತ್ತಿರಲ್ಲ.

ರಾಯರು_ಮೈಸೂರು:
ವಯಸ್ಸಾದ್ಮೇಲೆ ಮರೆವು ಇದ್ದಿದ್ದೇ ಅಲ್ವಾ, ಸುಮ್ನೆ ಹೆದರಿಸ್ಬೇಡಿ, ಐಸಿಯು ಬಿಲ್ ಕಟ್ಟೋರು ಯಾರು.

ಐಸಿಯು_ಸಿಸ್ಟರ್:
ಸರ್, ದುಡ್ಡಿನ ಚಿಂತೆ ನಿಜ, ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೂ ಐಸಿಯು ಇದೆ. ಆದ್ರೆ ಮರೆವಿನ ಕಾಯಿಲೆ ತಿಂಗಳು ವರ್ಷಗಟ್ಲೆ ತಗೊಂಡು ಬರೋದು, ಒಂದೇ ದಿನದಲ್ಲಿ ಮಗಳ ಗುರುತು ತಪ್ಪಲ್ಲ. 2017ರಲ್ಲಿ ಪ್ರಪಂಚದಲ್ಲಿ ಸೆಪ್ಸಿಸ್‌ನಿಂದ ಸುಮಾರು 1.1 ಕೋಟಿ ಜನ ಹೋದ್ರು ಅಂತ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಲೆಕ್ಕ ಬಂದಿತ್ತು, ಅಂದ್ರೆ ಐದು ಸಾವಲ್ಲಿ ಒಂದು. ಶಾಕ್‌ಗೆ ಹೋದ್ರೆ, ಅಂದ್ರೆ ಸೋಂಕಿನಿಂದ ಬಿಪಿ ಕುಸಿದ್ರೆ, ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರುವಾಗ್ಬೇಕು. ಬೆಳಗ್ಗೆ ತನಕ ಕಾಯೋ ಕಾಯಿಲೆ ಅಲ್ಲ ಇದು.

ಡಯಾಲಿಸಿಸ್_ಮನೆಯವ್ರು:
ನಮ್ಮಮ್ಮಂಗೆ ಡಯಾಲಿಸಿಸ್‌ಗೆ ಅಂತ ಕುತ್ತಿಗೆ ಹತ್ರ ಪೈಪ್ ಇದೆ, ನಮಗೆ ಮೊದಲ ದಿನಾನೇ ಹೇಳಿದ್ರು, ಚಳಿ ನಡುಕ ಬಂದ್ರೆ ಮನೇಲಿ ಕಂಬಳಿ ಹೊದಿಸಿ ಕೂರ್ಬೇಡಿ, ಕರ್ಕೊಂಡು ಬನ್ನಿ ಅಂತ. ಕೀಮೋ ಆಗ್ತಿರೋರು, ಸ್ಟೀರಾಯ್ಡ್ ತಗೊಳ್ಳೋರು, ಬೆಡ್ ಸೋರ್ ಇರೋರು, ಶುಗರ್‌ನಿಂದ ಕಾಲಲ್ಲಿ ಗಾಯ ಇರೋರು, ಇವರ ಮನೆಯವ್ರೂ ಹುಷಾರಾಗಿರ್ಬೇಕು. ಇನ್ನೊಂದು, ಮನೇಲಿ ಉಳಿದಿರೋ ಆಂಟಿಬಯೋಟಿಕ್ ಮಾತ್ರೆ ಕೊಟ್ಟು ನೋಡೋದು ದಯವಿಟ್ಟು ಬೇಡ, ಆಮೇಲೆ ಬ್ಲಡ್ ಕಲ್ಚರಲ್ಲಿ ಯಾವ ಕ್ರಿಮಿ ಅಂತ ಸಿಗದೇ ಹೋಗ್ಬಹುದು.

ಹಾಸನದ_ಮಗಳು:
ಆಸ್ಪತ್ರೆಲಿದೀವಿ. ಶುಗರ್ ಲೋ ಇರ್ಲಿಲ್ಲ, ಬಿಪಿ 86 ಇತ್ತಂತೆ, ಕಲ್ಚರ್‌ಗೆ ರಕ್ತ ತಗೊಂಡು ತಕ್ಷಣ ಡ್ರಿಪ್, ಆಂಟಿಬಯೋಟಿಕ್ ಹಾಕಿದ್ರು, ಕ್ಯಾಥೆಟರ್ ಬದಲಾಯಿಸಿದ್ರು. ಈಗ ಐಸಿಯುನಲ್ಲಿದಾರೆ, ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡೋ ರಕ್ತ ಪರೀಕ್ಷೆ) ಜಾಸ್ತಿ ಇದೆ ಅಂತಾರೆ. ತುಂಬಾ ಥ್ಯಾಂಕ್ಸ್ ಸಿಸ್ಟರ್.

ಐಸಿಯು_ಸಿಸ್ಟರ್:
ಒಳ್ಳೇ ಕೆಲ್ಸ ಮಾಡಿದ್ರಿ. ಕಲ್ಚರ್ ರಿಪೋರ್ಟ್ ಸಾಮಾನ್ಯವಾಗಿ ಎರಡು ಮೂರು ದಿನಕ್ಕೆ ಬರತ್ತೆ, ಬಂದ್ಮೇಲೆ ಔಷಧಿ ಬದಲಾಯಿಸ್ಬೇಕಾ ಅಂತ ಕೇಳಿ, ದಿನಾ ಯೂರಿನ್ ಎಷ್ಟು ಆಯ್ತು ಅಂತಾನೂ ಕೇಳಿ. ಕನ್ನಡಕ, ಹಿಯರಿಂಗ್ ಏಡ್ ಇದ್ರೆ ತಂದ್ಕೊಡಿ, ಒಳಗೆ ಬಿಟ್ಟಾಗ ಹೆಸರು ಹೇಳಿ ಮಾತಾಡ್ಸಿ. ಸೋಂಕು ಇಳಿದ್ಮೇಲೂ ಗಲಿಬಿಲಿ ಕೆಲವು ವಾರ ಇರ್ಬಹುದು, ಗಾಬರಿ ಬೇಡ.