ಅಪ್ಪನ ಕರುಳಿನ ಗಡ್ಡೆ ಬಲಗಡೆ ಇದೆ. ಎಡಕ್ಕೂ ಬಲಕ್ಕೂ ಅಷ್ಟು ವ್ಯತ್ಯಾಸ ಇದೆಯಾ?

ದಾವಣಗೆರೆ ಮಗಳು:
ಅಪ್ಪನಿಗೆ 69 ವರ್ಷ. ತುಂಬಾ ದಿನದಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 7.4ಕ್ಕೆ ಇಳಿದಿತ್ತು. ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಬರೀ ಐರನ್ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಕೊನೆಗೆ ಕೊಲೊನೊಸ್ಕೋಪಿ ಮಾಡಿಸಿದರೆ ಸೀಕಮ್‌ನಲ್ಲಿ (ದೊಡ್ಡ ಕರುಳು ಶುರುವಾಗುವ ಬಲಗಡೆಯ ಭಾಗ) ಗಡ್ಡೆ, ಬಯಾಪ್ಸಿಯಲ್ಲಿ ಕ್ಯಾನ್ಸರ್. ಸಿಟಿಯಲ್ಲಿ ಲಿವರ್, ಶ್ವಾಸಕೋಶ ಸರಿಯಾಗಿವೆ. ಮುಂದಿನ ವಾರ ಆಪರೇಷನ್. ನಮ್ಮ ಬೀದಿಯವರೊಬ್ಬರಿಗೆ ಎಡಗಡೆ ಇತ್ತು, ಮೋಷನ್‌ನಲ್ಲಿ ರಕ್ತ ಕಂಡು ಬೇಗ ಗೊತ್ತಾಯಿತು. ಅಪ್ಪನಿಗೆ ನೋವೂ ಇರಲಿಲ್ಲ, ರಕ್ತವೂ ಕಾಣಲಿಲ್ಲ. ಯಾಕೆ? ಬಲಗಡೆಯದು ಕೆಟ್ಟದ್ದು ಅಂತ ನೆಟ್‌ನಲ್ಲಿ ಓದಿದ ಮೇಲೆ ನಿದ್ದೆ ಬರುತ್ತಿಲ್ಲ.

ಹುಬ್ಬಳ್ಳಿ ಲ್ಯಾಬ್:
ಅಕ್ಕಾ, ನಾನು ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಆಪರೇಷನ್ ಆದ ಕರುಳು ನಮ್ಮ ಟೇಬಲ್‌ಗೇ ಬರುತ್ತದೆ. ಎಡಗಡೆಯ ಕರುಳನ್ನು ಸೀಳಿ ನೋಡಿದರೆ ಎಷ್ಟೋ ಸಲ ಗಡ್ಡೆ ಬಳೆ ತೊಡಿಸಿದ ಹಾಗೆ ಸುತ್ತ ಬಿಗಿದಿರುತ್ತದೆ. ಅಲ್ಲಿ ಕರುಳು ಕಿರಿದು, ಮಲ ಗಟ್ಟಿ. ಹಾಗಾಗಿ ಮಲಬದ್ಧತೆ, ರಕ್ತ ಬೇಗ ಕಾಣುತ್ತವೆ. ಸೀಕಮ್ ಅಗಲ, ಒಳಗಿರುವುದು ನೀರು ನೀರು. ಗಡ್ಡೆ ಒಳಕ್ಕೆ ದೊಡ್ಡದಾಗಿ ಬೆಳೆದರೂ ದಾರಿ ಕಟ್ಟುವುದಿಲ್ಲ. ರಕ್ತ ಸ್ವಲ್ಪ ಸ್ವಲ್ಪವೇ ಜಿನುಗಿ ಮಲದಲ್ಲಿ ಬೆರೆತುಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಅಪ್ಪನ ಸುಸ್ತು ಅದೇ. ವಯಸ್ಸಾದವರಿಗೆ ಕಬ್ಬಿಣದ ಕೊರತೆ ಬಂದರೆ ರಕ್ತ ಎಲ್ಲಿ ಹೋಗುತ್ತಿದೆ ಅಂತ ಹುಡುಕಲೇಬೇಕು. ಮಾತ್ರೆ ಒಂದೇ ಸಾಲದು.

ಎರಡೂ ಕಡೆಯ ಕ್ಯಾನ್ಸರಿನ ಗುಣವೂ ಬೇರೆ. ಮಗು ಗರ್ಭದಲ್ಲಿರುವಾಗ ದೊಡ್ಡ ಕರುಳಿನ ಬಲಭಾಗ, ಎಡಭಾಗ ಬೇರೆ ಬೇರೆ ಕಡೆಯಿಂದ ರೂಪುಗೊಳ್ಳುತ್ತವೆ, ರಕ್ತನಾಳಗಳೂ ಬೇರೆ. ಬಲಗಡೆಯ ಗಡ್ಡೆಗಳಲ್ಲಿ ಬಿಆರ್‌ಎಎಫ್ ಅನ್ನುವ ಜೀನ್‌ನ ಬದಲಾವಣೆ ಮತ್ತು ಎಂಎಸ್‌ಐ ಅನ್ನುವ ಗುಣ (ಡಿಎನ್‌ಎ ತಪ್ಪುಗಳು ರಿಪೇರಿ ಆಗದೆ ಉಳಿಯುವುದು) ಜಾಸ್ತಿ. ಈ ಎಂಎಸ್‌ಐ ಇದ್ದು, ಕ್ಯಾನ್ಸರ್ ಇನ್ನೂ ಹತ್ತಿರದ ದುಗ್ಧ ಗ್ರಂಥಿಗೆ (ಲಿಂಫ್ ನೋಡ್) ಹೋಗದೆ ಎರಡನೇ ಹಂತದಲ್ಲೇ ಇದ್ದರೆ ಅದು ಒಳ್ಳೆಯ ಸುದ್ದಿ. ಮರಳಿ ಬರುವ ಸಾಧ್ಯತೆ ಕಡಿಮೆ, ಕೀಮೋ ಬೇಡ ಅಂತಲೂ ಹೇಳಬಹುದು. ಆದ್ದರಿಂದ ರಿಪೋರ್ಟ್ ಬಂದಾಗ ಎಷ್ಟು ಗ್ರಂಥಿ ನೋಡಿದ್ದಾರೆ (ಕನಿಷ್ಠ 12 ಇರಬೇಕು), ಎಂಎಂಆರ್ ಪರೀಕ್ಷೆ (ಡಿಎನ್‌ಎ ರಿಪೇರಿ ಮಾಡುವ ಪ್ರೋಟೀನ್‌ಗಳು ಗಡ್ಡೆಯಲ್ಲಿ ಇವೆಯಾ ಅಂತ ನೋಡುವುದು, ಎಂಎಸ್‌ಐ ಗೊತ್ತಾಗುವುದು ಇದರಿಂದಲೇ) ಮಾಡಿದ್ದಾರಾ, ಇವೆರಡನ್ನು ಕೇಳಿ.

ಮೈಸೂರು ಮಗ:
ನೀವು ಓದಿದ್ದು ಬಹುಶಃ ನಾಲ್ಕನೇ ಹಂತದವರ ವಿಷಯ. ಅಮ್ಮನಿಗೆ ಸಿಗ್ಮಾಯ್ಡ್‌ನಲ್ಲಿ, ಅಂದರೆ ಎಡಗಡೆ, ಆಗಿ ಲಿವರ್‌ಗೆ ಹೋಗಿದೆ. ಆಗ ನಾನೂ ಇದನ್ನೇ ಕೂತು ಓದಿದೆ. 2016ರಲ್ಲಿ ಹೊರಬಂದ ಅಮೆರಿಕದ ಒಂದು ದೊಡ್ಡ ಟ್ರಯಲ್‌ನ ಲೆಕ್ಕದಲ್ಲಿ, ಹರಡಿದ ಕ್ಯಾನ್ಸರ್ ಇದ್ದು ಕೆರಾಸ್ ಅನ್ನುವ ಜೀನ್‌ನಲ್ಲಿ ಬದಲಾವಣೆ ಇಲ್ಲದವರಲ್ಲಿ ಎಡಗಡೆಯವರ ಮೀಡಿಯನ್ ಆಯಸ್ಸು 33.3 ತಿಂಗಳು, ಬಲಗಡೆಯವರದು 19.4. ಸೆಟುಕ್ಸಿಮ್ಯಾಬ್ ಅನ್ನುವ ಕ್ಯಾನ್ಸರ್ ಔಷಧಿಯಿಂದ ಲಾಭ ಆದದ್ದೂ ಎಡಗಡೆಯವರಿಗೇ. ಅಮ್ಮನಿಗೂ ಅದನ್ನೇ ಕೊಡುತ್ತಿದ್ದಾರೆ. ಮುಖದ ತುಂಬ ಮೊಡವೆ ಥರ ಗುಳ್ಳೆ ಎದ್ದಿವೆ, ಆದರೆ ಸ್ಕ್ಯಾನ್‌ನಲ್ಲಿ ಗಡ್ಡೆ ಕುಗ್ಗಿದೆ. ನಿಮ್ಮ ಅಪ್ಪನಿಗೆ ಹರಡಿಲ್ಲವಲ್ಲ, ಆ ಅಂಕಿಗಳನ್ನು ಅವರಿಗೆ ಹಚ್ಚಬೇಡಿ.

ದಾವಣಗೆರೆ ಮಗಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಂಎಂಆರ್ ಅಂತ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ನನ್ನ ತಮ್ಮನಿಗೆ 38, ಅವನೂ ಪರೀಕ್ಷೆ ಮಾಡಿಸಬೇಕಾ?

ಹುಬ್ಬಳ್ಳಿ ಲ್ಯಾಬ್:
ಅಪ್ಪನ ಎಂಎಂಆರ್ ರಿಪೋರ್ಟ್ ಬರಲಿ. ಪ್ರೋಟೀನ್ ಕಾಣೆಯಾಗಿದೆ ಅಂತ ಬಂದರೆ ಅದು ಲಿಂಚ್ ಸಿಂಡ್ರೋಮ್ ಹೌದಾ ಅಂತ ಮುಂದೆ ನೋಡುತ್ತಾರೆ. ಅದು ವಂಶದಲ್ಲಿ ಬರುವಂಥದ್ದು, ಹೌದು ಅಂತಾದರೆ ನಿಮಗೂ ತಮ್ಮನಿಗೂ ಜೀನ್ ಪರೀಕ್ಷೆ ಬೇಕು. ಅಲ್ಲ ಅಂತಾದರೂ ಅಪ್ಪನಿಗೆ ಬಂದಿರುವುದರಿಂದ ಮಕ್ಕಳು 40ಕ್ಕೆ ತಪಾಸಣೆ ಶುರು ಮಾಡುವುದು ವಾಡಿಕೆ. ಕೊಲೊನೊಸ್ಕೋಪಿಯನ್ನೇ ಮಾಡಿಸಿ, ಸಿಗ್ಮಾಯ್ಡೋಸ್ಕೋಪಿ ಕರುಳಿನ ಕೊನೆಯ ಭಾಗವನ್ನಷ್ಟೇ ನೋಡುತ್ತದೆ, ಸೀಕಮ್‌ವರೆಗೆ ಮುಟ್ಟುವುದಿಲ್ಲ. ಇನ್ನೊಂದು ವಿಷಯ, ಆಪರೇಷನ್‌ಗೆ ಮುಂಚೆ ಹಿಮೋಗ್ಲೋಬಿನ್ ಏರಿಸಲು ಡ್ರಿಪ್‌ನಲ್ಲಿ ಐರನ್ ಕೊಡಬಹುದಾ ಅಂತ ನಾಳೆಯೇ ಸರ್ಜನ್ ಹತ್ತಿರ ಕೇಳಿ.